ಖಾಸಗಿ ಶಾಲೆಗಳನ್ನೆಲ್ಲ ಮುಚ್ಚಿಸಿದರೆ ಸರ್ಕಾರಿ ಶಾಲೆ ಉದ್ಧಾರವಾಗುತ್ತದೆಯೇ?

ಬೆಳಿಗ್ಗೆ ಏಳೂಮುಕ್ಕಾಲಿಗೆ ನಮ್ಮೂರಿನ ಅರಳಿಕಟ್ಟೆ ಹತ್ತಿರ ಹಳದಿ ವ್ಯಾನು ಬಂದು ನಿಲ್ಲುತ್ತದೆ. ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಊರು ನಮ್ಮದು. ಮೊದಲು ಹತ್ತುವುದು ಎಲ್‌ಕೆಜಿ, ಯುಕೆಜಿಯ ಚಿಳ್ಳೆಪಿಳ್ಳೆಗಳು. ಹೋದ ಸಲ ಊರಿಗೆ ಹೋದಾಗ ನಮ್ಮಣ್ಣನ ಮಗಳು ಅರ್ಧ ಇಡ್ಲಿ ಬಾಯಲ್ಲಿಟ್ಟುಕೊಂಡೇ ಮೆಟ್ಟಿಲು ಹತ್ತಿದಳು. ಟೈ ಕುತ್ತಿಗೆಯ ಹಿಂದಕ್ಕೆ ತಿರುಗಿಕೊಂಡಿತ್ತು. ಅತ್ತಿಗೆ ಕಿಟಕಿಯೊಳಗೆ ಕೈ ತೂರಿಸಿ ಅದನ್ನು ಸರಿಮಾಡುವಷ್ಟರಲ್ಲಿ ವ್ಯಾನು ಹೊರಟೇಬಿಟ್ಟಿತು. ಹದಿನಾಲ್ಕು ಕಿಲೋಮೀಟರ್ ದೂರ, ನಡುವೆ ಇನ್ನೂ ಏಳೆಂಟು ಊರು.

ವ್ಯಾನು ಹೋಗಿ ಒಂದೂವರೆ ಗಂಟೆಯಾದ ಮೇಲೆ ನಮ್ಮೂರ ಸರ್ಕಾರಿ ಶಾಲೆಯ ಗೇಟು ತೆರೆಯುತ್ತದೆ. ಕಟ್ಟೆಯಿಂದ ಅಲ್ಲಿಗೆ ನೂರು ಹೆಜ್ಜೆಯೂ ಇಲ್ಲ. ನಾನು ಓದುವಾಗ ಪ್ರಾರ್ಥನೆಗೆ ಏಳು ಸಾಲು ನಿಲ್ಲುತ್ತಿದ್ದೆವು, ಈಗ ಎರಡು ಸಾಲು. ಕಡಿಮೆ ಮಕ್ಕಳಿರುವ ಶಾಲೆಗಳನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸುತ್ತಾರೆ ಎಂಬ ಸುದ್ದಿ ಬಂದಾಗಲೆಲ್ಲ ಊರು ಗಾಬರಿಯಾಗುತ್ತದೆ, ಕಟ್ಟೆಯ ಮೇಲೆ ಅದೇ ಮಾತು ಶುರುವಾಗುತ್ತದೆ. "ಈ ಕಾನ್ವೆಂಟ್‌ಗುಳ್ನೆಲ್ಲ ಬಾಗ್ಲು ಹಾಕುಸ್ಬುಟ್ರೆ ಸರ್ಕಾರಿ ಇಸ್ಕೂಲು ತಾನಾಗೇ ಉದ್ಧಾರಾಯ್ತದೆ ಕಣಪ್ಪ" ಎಂದರು ನಮ್ಮ ದೊಡ್ಡಪ್ಪ.

ಇದು ದೊಡ್ಡಪ್ಪ ಒಬ್ಬರ ಮಾತಲ್ಲ. ಶಿಕ್ಷಣ ತಜ್ಞರು, ನ್ಯಾಯಾಲಯಗಳು, ಹೊರದೇಶದ ರಾಜಕೀಯ ಪಕ್ಷಗಳು ಕೂಡ ಕೇಳಿಕೊಂಡಿರುವ ಪ್ರಶ್ನೆ. ಹೌದು, ಇಲ್ಲ ಎಂದು ಹೇಳುವ ಮುಂಚೆ ಅದನ್ನು ಎಳೆ ಎಳೆಯಾಗಿ ಬಿಡಿಸಿಕೊಳ್ಳಬೇಕು.

ಖಾಸಗಿ ಎಂದರೆ ಯಾವುದು?

ನಮ್ಮ ಕಡೆ ಯೂನಿಫಾರ್ಮಿನ ಮೇಲೆ ಟೈ ಇದ್ದರೆ ಅದು ಕಾನ್ವೆಂಟು, ಇಲ್ಲದಿದ್ದರೆ ಗೌರ್ಮೆಂಟ್ ಸ್ಕೂಲು. ಕಾನೂನಿನ ಲೆಕ್ಕ ಬೇರೆ. ಶಾಲೆಯನ್ನು ನಡೆಸುವವರು ಯಾರು, ಅದಕ್ಕೆ ದುಡ್ಡು ಕೊಡುವವರು ಯಾರು ಎಂಬ ಎರಡು ಪ್ರಶ್ನೆ ಕೇಳಬೇಕು. ಎರಡಕ್ಕೂ ಸರ್ಕಾರ ಎಂಬ ಉತ್ತರ ಬಂದರೆ ಸರ್ಕಾರಿ ಶಾಲೆ. ನಡೆಸುವುದು ಟ್ರಸ್ಟು, ಮಠ ಅಥವಾ ಚರ್ಚು, ಮೇಷ್ಟ್ರುಗಳ ಸಂಬಳ ಸರ್ಕಾರದ್ದು ಎಂದಾದರೆ ಅದು ಅನುದಾನಿತ ಶಾಲೆ. ಜಮೀನನ್ನು ವಾರಕ್ಕೆ ಮಾಡುವ ಹಾಗೆ: ಹೊಲ ಒಬ್ಬರದು, ಬೇಸಾಯದ ಖರ್ಚು ಇನ್ನೊಬ್ಬರದು. ಬ್ರಿಟಿಷರ ಕಾಲದಲ್ಲಿ, 1854ರ ವುಡ್ ವರದಿಯಿಂದ ಬಂದ ಏರ್ಪಾಡು ಇದು. ನಡೆಸುವವರೂ ಖಾಸಗಿ, ಖರ್ಚು ಹೊರುವುದು ಅಪ್ಪ-ಅಮ್ಮನ ಫೀಸು ಎಂದಾದರೆ ಅನುದಾನರಹಿತ ಶಾಲೆ. ನಮ್ಮ ರಾಜ್ಯದಲ್ಲಿ 1995ರ ನಂತರ ಶುರುವಾದ ಖಾಸಗಿ ಶಾಲೆಗಳಿಗೆ ಅನುದಾನ ಸಿಕ್ಕಿಲ್ಲ. ಈಗ ಕಣ್ಣಿಗೆ ಬೀಳುವ ಹಳದಿ ವ್ಯಾನುಗಳಲ್ಲಿ ಹೆಚ್ಚಿನವು ಈ ಮೂರನೇ ಗುಂಪಿನವು.

ಹೀಗೆ ವಿಂಗಡಿಸಿಕೊಳ್ಳದೆ ಮಾತಾಡಿದರೆ ಮೈಸೂರು-ಮಂಡ್ಯದ ಅರ್ಧ ಚರಿತ್ರೆಯೇ ಕೈಬಿಟ್ಟು ಹೋಗುತ್ತದೆ. ಸುತ್ತೂರಿನಲ್ಲಿ ಮಠ ನಡೆಸುವ ಉಚಿತ ವಸತಿ ಶಾಲೆ ಖಾಸಗಿ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ಶಾಲೆಗಳೂ ಖಾಸಗಿ. ಕೆ.ವಿ. ಶಂಕರಗೌಡರು ಜನರಿಂದ ಹಣ ಕೂಡಿಸಿ ಕಟ್ಟಿದ ಜನತಾ ಶಿಕ್ಷಣ ಟ್ರಸ್ಟು, ಅದರಿಂದ 1962ರಲ್ಲಿ ಹುಟ್ಟಿದ ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಕೂಡ ಕಾನೂನಿನ ಕಣ್ಣಿಗೆ ಖಾಸಗಿಯೇ. ಎರಡು ಮಹಡಿಯ ಮನೆಯನ್ನು ಬಾಡಿಗೆಗೆ ಹಿಡಿದು, ಒಂದು ಬೋರ್ಡು ತಗಲಿಸಿ, ಡೊನೇಷನ್ ತೆಗೆದುಕೊಳ್ಳುವುದೂ ಅದೇ ಹೆಸರಿನಡಿ ಬರುತ್ತದೆ.

ಸರ್ಕಾರಿ ಎನ್ನುವುದರಲ್ಲೂ ಮೆಟ್ಟಿಲುಗಳಿವೆ. ನವೋದಯ, ಕೇಂದ್ರೀಯ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಪ್ರಾತ್ಯಕ್ಷಿಕ ಶಾಲೆ ಎಲ್ಲವೂ ಸಾರ್ವಜನಿಕ ಹಣದಲ್ಲೇ ನಡೆಯುತ್ತವೆ. ನವೋದಯದ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಲು ಕೋಚಿಂಗ್ ಕ್ಲಾಸುಗಳೇ ಇವೆ. ಜನ ಸರ್ಕಾರಿ ಎಂಬ ಹೆಸರಿಗೆ ಹೆದರಿ ಓಡುತ್ತಿಲ್ಲ ಎನ್ನಲು ಇಷ್ಟು ಸಾಕು.

ಮೈಸೂರಿನಲ್ಲಿ ಮೊದಲು ಬಂದದ್ದು ಯಾವುದು?

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1833ರಲ್ಲಿ, ಮೈಸೂರಿನಲ್ಲಿ ಶುಲ್ಕವಿಲ್ಲದ ಇಂಗ್ಲಿಷ್ ಶಾಲೆ ತೆರೆಯಿತು. ಮುಂದೆ ಮಹಾರಾಜ ಹೈಸ್ಕೂಲಾಗಿ, ಕಾಲೇಜಾಗಿ ಬೆಳೆದದ್ದು ಅದೇ. ಹೆಣ್ಣುಮಕ್ಕಳಿಗಾಗಿ 1881ರಲ್ಲಿ ಮಹಾರಾಣಿ ಶಾಲೆ ಬಂತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣವನ್ನು ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಮಾಡುವ ಕಾಯಿದೆ ಆಯಿತು. ಬ್ರಿಟಿಷರು ನೇರವಾಗಿ ಆಳುತ್ತಿದ್ದ ಪ್ರಾಂತ್ಯಗಳಲ್ಲಿ ಇದಿನ್ನೂ ಬರೀ ಚರ್ಚೆಯಲ್ಲಿದ್ದ ಕಾಲ.

ಆದರೆ ಆಗಿನ ಸರ್ಕಾರಿ ಶಾಲೆಯಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕೂತಿದ್ದರು ಎಂದುಕೊಳ್ಳಬಾರದು. ದಲಿತ ಮಕ್ಕಳಿಗೆ ಪಂಚಮರ ಶಾಲೆ ಎಂದು ಬೇರೆಯೇ ಇತ್ತು. ಸಂಸ್ಥಾನದ ಬೊಕ್ಕಸದಿಂದ ನಡೆಯುತ್ತಿದ್ದ ಶಾಲೆಯಲ್ಲೂ ಯಾರ ಪಕ್ಕ ಯಾರು ಕೂರುತ್ತಾರೆ ಎನ್ನುವುದು ದೊಡ್ಡ ಜಗಳವಾಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಕ್ಕಳು ವ್ಯಾನು ಹತ್ತಿದ್ದು ಹೇಗೆ?

ಮೇಷ್ಟ್ರು ಪಾಠ ಮಾಡುವುದಿಲ್ಲ, ಅದಕ್ಕೇ ಮಕ್ಕಳು ಹೋದರು ಎಂದು ಹೇಳಿಬಿಡುವುದು ಸುಲಭ. ನಮ್ಮೂರ ಶಾಲೆಯನ್ನು ಹತ್ತಿರದಿಂದ ನೋಡಿದವನಾಗಿ ಹೇಳುತ್ತೇನೆ, ವಿಷಯ ಅಷ್ಟು ಸರಳವಲ್ಲ.

ಮೊದಲ ಕಾರಣ ವಯಸ್ಸು. ಸರ್ಕಾರಿ ಶಾಲೆಯ ಒಂದನೇ ತರಗತಿ ಆರು ವರ್ಷಕ್ಕೆ ಶುರುವಾಗುತ್ತದೆ. ಕಾನ್ವೆಂಟು ಮೂರು, ಮೂರೂವರೆ ವರ್ಷಕ್ಕೇ ಮಗುವನ್ನು ಕರೆದುಕೊಳ್ಳುತ್ತದೆ. ನಡುವಿನ ಮೂರು ವರ್ಷಕ್ಕೆ ಊರಲ್ಲಿ ಇರುವುದು ಅಂಗನವಾಡಿ. ನಮ್ಮತ್ತಿಗೆ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಬೆಳಿಗ್ಗೆ ಎಂಟಕ್ಕೆ ಅವರ ಬಸ್ಸು. "ಮಗೂನ ಎಲ್ಲಿ ಬುಟ್ಟೋಗನೆ, ನೀನೇ ಹೇಳಪ್ಪ. ಅಂಗನವಾಡೀಲಿ ಉಂಡು ಮನಿಕ್ಕತದೆ. ಕಾನ್ವೆಂಟ್‌ಗಾದ್ರೆ ವ್ಯಾನು ಬಂದು ಕರ್ಕೊಂಡೋಯ್ತದೆ, ನಾಕಕ್ಷರಾನೂ ಕಲ್ತ್ಕತದೆ" ಎಂದರು. ಮೂರು ವರ್ಷಕ್ಕೆ ವ್ಯಾನು ಹತ್ತಿದ ಮಗುವನ್ನು ಆರು ವರ್ಷಕ್ಕೆ ಇಳಿಸಿ ಊರ ಶಾಲೆಗೆ ಹಾಕುವವರು ಅಪರೂಪ. ಅಷ್ಟು ಹೊತ್ತಿಗೆ ಅದಕ್ಕೆ ಅಲ್ಲಿ ಗೆಳೆಯರಿರುತ್ತಾರೆ, ಮನೆಯವರಿಗೆ ಅಭ್ಯಾಸವಾಗಿರುತ್ತದೆ. ಸರ್ಕಾರಿ ಶಾಲೆ ಮಗುವನ್ನು ಕಳೆದುಕೊಳ್ಳುವುದು ಒಂದನೇ ತರಗತಿಯಲ್ಲಿ ಎಂದು ನಾವು ತಿಳಿದಿದ್ದೇವೆ. ನಿಜಕ್ಕೂ ಅದು ಮೂರು ವರ್ಷ ಮೊದಲೇ ಆಗಿಹೋಗಿರುತ್ತದೆ. 2018–19ರಲ್ಲಿ 176 ಶಾಲೆಗಳೊಂದಿಗೆ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ, ಅಂದರೆ ಕೆಪಿಎಸ್‌ಗಳಲ್ಲಿ, ಎಲ್‌ಕೆಜಿಯಿಂದಲೇ ಸೇರಿಸಿಕೊಳ್ಳುತ್ತಿರುವುದು ಈ ತೂತನ್ನು ಮುಚ್ಚಲಿಕ್ಕೆ.

ಎರಡನೆಯದು ಇಂಗ್ಲಿಷು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕು ಎಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತ್ತು. ಎರಡು ದಶಕ ಕೋರ್ಟಿನಲ್ಲಿ ಅಲೆದ ಆ ವಿಷಯ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ಮುಗಿಯಿತು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು ತೀರ್ಪು. ಮುಂದೆ 2019ರಲ್ಲಿ ಸರ್ಕಾರ ತಾನೇ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಮನೆಯ ನುಡಿಯಲ್ಲಿ ಕಲಿತ ಮಗುವಿಗೆ ವಿಷಯ ಚೆನ್ನಾಗಿ ತಲೆಗೆ ಹತ್ತುತ್ತದೆ ಎಂಬುದನ್ನು ಹೆಚ್ಚುಕಡಿಮೆ ಎಲ್ಲ ಶಿಕ್ಷಣ ತಜ್ಞರೂ ಒಪ್ಪುತ್ತಾರೆ, ನನ್ನ ಮನಸ್ಸೂ ಅಲ್ಲೇ ಇದೆ. ಆದರೆ ಮಗಳು ಕೆಲಸದ ಸಂದರ್ಶನದಲ್ಲಿ ಇಂಗ್ಲಿಷ್ ಬಾರದೆ ತಲೆ ತಗ್ಗಿಸಬಾರದು ಎನ್ನುವ ಅತ್ತಿಗೆಯ ಆಸೆಯನ್ನು ತಪ್ಪು ಎನ್ನಲು ನನ್ನಿಂದಾಗದು.

ಮೂರನೆಯದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಲೆಕ್ಕ ಬೇಕು. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 90ರವರೆಗೆ ಮೂವರು, 120ರವರೆಗೆ ನಾಲ್ವರು. ಮಕ್ಕಳ ಸಂಖ್ಯೆ ನೋಡಿದರೆ 30ಕ್ಕೊಬ್ಬ ಮೇಷ್ಟ್ರು, ಚೆನ್ನಾಗಿಯೇ ಇದೆ. ತರಗತಿ ನೋಡಿದರೆ ಐದು ತರಗತಿಗೆ ಇಬ್ಬರು! ಮಕ್ಕಳು ಕಡಿಮೆಯಾದ ಹಾಗೆ ಮೇಷ್ಟ್ರುಗಳು ಹೆಚ್ಚುವರಿ ಎಂದು ಬೇರೆ ಕಡೆಗೆ ಹೋಗುತ್ತಾರೆ. ಮೇಷ್ಟ್ರಿಲ್ಲ ಎಂದು ಇನ್ನಷ್ಟು ಮಕ್ಕಳು ಬಿಡುತ್ತಾರೆ. ಇಬ್ಬರಲ್ಲಿ ಒಬ್ಬರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋದ ದಿನ ಅದು ಏಕೋಪಾಧ್ಯಾಯ ಶಾಲೆ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನಲಿ-ಕಲಿ ಪದ್ಧತಿ ಇಂಥ ಶಾಲೆಗಳಿಗೆ ಬಲ ಕೊಟ್ಟಿತು. ಅದು ನಮ್ಮ ಜಿಲ್ಲೆಗಳ ಹೆಮ್ಮೆ, 1990ರ ದಶಕದ ನಡುವಿನಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಬೆಳೆಸಿದ್ದು. ಆಮೇಲೆ ಇಡೀ ರಾಜ್ಯಕ್ಕೆ ಹೋಯಿತು. ಆದರೂ ಕಟ್ಟೆಯ ಮೇಲೆ ಕೂತವರಿಗೆ ಕಾಣುವುದು "ಮೂರು ಕ್ಲಾಸಿಗೂ ಒಂದೇ ರೂಮು" ಎಂಬುದಷ್ಟೇ.

ಇದರ ಮೇಲೆ ಗಣತಿ, ಚುನಾವಣೆ, ಸಮೀಕ್ಷೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರದ ಕೆಲಸಕ್ಕೆ ಶಿಕ್ಷಕರನ್ನು ಬಳಸಲು ಕಾಯಿದೆಯೇ ಅವಕಾಶ ಕೊಟ್ಟಿದೆ. 2025ರ ದಸರಾ ರಜೆ ಮುಗಿಯುವ ಹೊತ್ತಿಗೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿದಿರಲಿಲ್ಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಊರ ಶಾಲೆಗೆ ಬೀಗ, ಕಟ್ಟೆಗೆ ಮಾತ್ರ ಎಂದಿನಂತೆ ಹಳದಿ ವ್ಯಾನು. ಅದನ್ನು ನೋಡಿದ ತಂದೆ-ತಾಯಿ ಮುಂದಿನ ಜೂನ್‌ನಲ್ಲಿ ಏನು ಮಾಡುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬೋರ್‌ವೆಲ್ ಇದ್ದವರಿಗೆ ನಾಲೆಯ ಚಿಂತೆ ಇಲ್ಲ

ಮುಚ್ಚಿಸಬೇಕು ಎನ್ನುವವರ ಮುಖ್ಯ ವಾದ ಮಂಡ್ಯದವರಿಗೆ ಬೇಗ ಅರ್ಥವಾಗುತ್ತದೆ. ನಾಲೆಯ ಕೊನೆ ಭಾಗಕ್ಕೆ ನೀರು ಬರದಿದ್ದಾಗ ಮೊದಲು ಎಲ್ಲರೂ ಒಟ್ಟಾಗಿ ನೀರಾವರಿ ಕಚೇರಿಯ ಮುಂದೆ ಕೂರುತ್ತಿದ್ದರು. ದೊಡ್ಡ ಹಿಡುವಳಿದಾರನೂ ಬರುತ್ತಿದ್ದ, ಅರ್ಧ ಎಕರೆಯವನೂ ಬರುತ್ತಿದ್ದ. ದೊಡ್ಡವನ ಮಾತಿಗೆ ಇಂಜಿನಿಯರು ಎದ್ದು ನಿಲ್ಲುತ್ತಿದ್ದರು, ನೀರು ಇಬ್ಬರ ಗದ್ದೆಗೂ ಹರಿಯುತ್ತಿತ್ತು. ದೊಡ್ಡವನು ಬೋರ್‌ವೆಲ್ ಕೊರೆಸಿದ. ಅವನದೇನೂ ತಪ್ಪಿಲ್ಲ, ಬೆಳೆ ಉಳಿಸಿಕೊಂಡ. ಆದರೆ ಮುಂದಿನ ವರ್ಷ ಕಚೇರಿಯ ಮುಂದೆ ಕೂತವರು ಅರ್ಧ ಎಕರೆಯವರು ಮಾತ್ರ. ಅವರು ಕೂಗಿದ್ದು ಒಳಗೆ ಯಾರಿಗೂ ಕೇಳಲಿಲ್ಲ.

ಶಾಲೆಯಲ್ಲೂ ಹಾಗೇ. ಊರಲ್ಲಿ ನಾಲ್ಕು ಜನಕ್ಕೆ ಮಾತು ಬಲ್ಲವರು, ಬಿಇಒಗೆ ಫೋನು ಮಾಡುವ ಧೈರ್ಯ ಇರುವವರು, ಪಂಚಾಯಿತಿ ಮೆಂಬರುಗಳು, ಸ್ವತಃ ಸರ್ಕಾರಿ ಮೇಷ್ಟ್ರುಗಳು ತಮ್ಮ ಮಕ್ಕಳನ್ನು ಬೇರೆ ಕಡೆ ಸೇರಿಸಿದರೆ, ಶೌಚಾಲಯಕ್ಕೆ ನೀರಿಲ್ಲ ಎಂದು ಕೇಳುವವರು ಕೂಲಿಗೆ ಹೋಗುವ ಅಪ್ಪ-ಅಮ್ಮ ಮಾತ್ರ. ಒಂದು ದಿನ ಕೇಳಲು ಹೋದರೆ ಒಂದು ದಿನದ ಕೂಲಿ ಹೋಯಿತು. ಉಳ್ಳವರು ಬಿಟ್ಟುಹೋಗುವ ದಾರಿಯನ್ನೇ ಮುಚ್ಚಿದರೆ ಅವರ ಶಕ್ತಿ ಊರ ಶಾಲೆಗೇ ಸಲ್ಲುತ್ತದೆ ಎಂಬುದು ಈ ವಾದದ ತಿರುಳು.

ಇದಕ್ಕೆ ಇನ್ನೊಂದು ಮುಖವಿದೆ. ನಮ್ಮೂರಲ್ಲಿ ಗೌಡರ ಮನೆ ಮಕ್ಕಳು, ಅಂಗಡಿಯವರ ಮಕ್ಕಳು ಮೊದಲು ವ್ಯಾನು ಹತ್ತಿದರು. ಪ್ರಾರ್ಥನೆಗೆ ನಿಲ್ಲುವ ಆ ಎರಡು ಸಾಲಿನಲ್ಲಿ ಉಳಿದವರು ಹೆಚ್ಚಾಗಿ ದಲಿತ ಕೇರಿಯ ಮಕ್ಕಳು, ಕಬ್ಬು ಕಡಿಯಲು ಹೊರಗಿನಿಂದ ಬಂದವರ ಮಕ್ಕಳು. ಕಾನೂನಿನಲ್ಲಿ ಪಂಚಮರ ಶಾಲೆ ಎಂಬುದು ಹೋಗಿ ಎಷ್ಟೋ ಕಾಲವಾಯಿತು. ಫೀಸಿನ ರಶೀದಿ ಅದನ್ನು ಸದ್ದಿಲ್ಲದೆ ಮತ್ತೆ ತಂದಿದೆ ಎಂದು ನನಗೆ ಅನ್ನಿಸಿದಾಗ ಹೊಟ್ಟೆ ಕಿವುಚಿದಂತಾಗುತ್ತದೆ.

ಕೊಠಾರಿ ಆಯೋಗ ಬಯಸಿದ್ದು ಇದಕ್ಕೆ ತಡೆ. 1964ರಿಂದ 66ರವರೆಗೆ ಕೆಲಸ ಮಾಡಿದ ಆ ಆಯೋಗ ಸಮಾನ ಶಾಲಾ ವ್ಯವಸ್ಥೆಯನ್ನು, ಅದರೊಳಗೆ ನೆರೆಹೊರೆ ಶಾಲೆಯನ್ನು ಶಿಫಾರಸು ಮಾಡಿತು. ನೆರೆಹೊರೆ ಶಾಲೆ ಎಂದರೆ, ಜಾತಿ, ಧರ್ಮ, ದುಡ್ಡು ಯಾವುದನ್ನೂ ನೋಡದೆ ಆ ಬೀದಿಯ, ಆ ಊರಿನ ಮಕ್ಕಳೆಲ್ಲ ಹೋಗುವ ಒಂದೇ ಶಾಲೆ. 1968ರ ರಾಷ್ಟ್ರೀಯ ನೀತಿ ಅದನ್ನು ಒಪ್ಪಿಕೊಂಡಿತು. ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಇಡುವ ಗುರಿಯೂ ಆಗಲೇ ಬಂತು. 2020ರ ನೀತಿಯಲ್ಲಿ ಮತ್ತೆ ಅದೇ ಶೇ 6ರ ಮಾತಿದೆ. ಆ ಗುರಿಯನ್ನು ನಾವು ಇನ್ನೂ ಮುಟ್ಟಿಲ್ಲ.

ಕಾನ್ವೆಂಟಿನಲ್ಲಿ ಹೆಚ್ಚು ಕಲಿಯುತ್ತಾರೆಯೇ?

ಪರೀಕ್ಷೆಯ ಅಂಕ ನೋಡಿದರೆ ಖಾಸಗಿ ಮಕ್ಕಳು ಮುಂದಿರುತ್ತಾರೆ. ಆದರೆ ಮನೆಯಲ್ಲಿ ಓದಿದ ಅಮ್ಮ, ಸಂಜೆಯ ಟ್ಯೂಷನ್ನು, ಹೊಟ್ಟೆ ತುಂಬ ಊಟ ಇರುವ ಮಗು ಎಲ್ಲಿದ್ದರೂ ಮುಂದಿರುತ್ತದೆ. ಶಾಲೆಯಿಂದ ಆದದ್ದೆಷ್ಟು, ಮನೆಯಿಂದ ಆದದ್ದೆಷ್ಟು ಎಂದು ಬೇರ್ಪಡಿಸುವುದು ಹೇಗೆ?

ಅವಿಭಜಿತ ಆಂಧ್ರಪ್ರದೇಶದಲ್ಲಿ 2008ರಿಂದ ನಾಲ್ಕು ವರ್ಷ ಇದಕ್ಕೊಂದು ಪ್ರಯೋಗ ನಡೆಯಿತು. ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ ಬಡ ಮಕ್ಕಳ ಹೆಸರುಗಳನ್ನು ಲಾಟರಿ ಎತ್ತಿ, ಗೆದ್ದವರ ಖಾಸಗಿ ಶಾಲೆಯ ಫೀಸನ್ನು ಯೋಜನೆಯೇ ಕಟ್ಟಿತು. ಲಾಟರಿಯಾದ್ದರಿಂದ ಎರಡೂ ಗುಂಪಿನ ಮನೆಗಳ ಸ್ಥಿತಿ ಒಂದೇ. ನಾಲ್ಕು ವರ್ಷದ ನಂತರ ತೆಲುಗು ಮತ್ತು ಗಣಿತದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿಯವರು ಮುಂದಿದ್ದರು, ಏಕೆಂದರೆ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಾಗಿ ಅದನ್ನು ಕಲಿಸುತ್ತಲೇ ಇರಲಿಲ್ಲ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಇದನ್ನು 2015ರಲ್ಲಿ ಪ್ರಕಟಿಸಿದರು. ವ್ಯಾನಿನ ಪರವಾಗಿರುವವರು ಈ ಫಲಿತಾಂಶದ ಅರ್ಧವನ್ನಷ್ಟೇ ಹೇಳುತ್ತಾರೆ, ವಿರೋಧಿಸುವವರು ಇನ್ನರ್ಧವನ್ನು. ಪೂರ್ತಿ ಹೇಳಬೇಕೆಂದರೆ, ಅಲ್ಲಿನ ಖಾಸಗಿ ಶಾಲೆಗಳು ಒಂದು ಮಗುವಿಗೆ ಮಾಡುತ್ತಿದ್ದ ಖರ್ಚು ಸರ್ಕಾರದ ಖರ್ಚಿನ ಮೂರನೇ ಒಂದು ಭಾಗದಷ್ಟಿತ್ತು. ಉಳಿತಾಯ ಬಂದದ್ದು ಮುಖ್ಯವಾಗಿ ಮೇಷ್ಟ್ರುಗಳ ಸಂಬಳದಿಂದ. ಡಿ.ಎಡ್, ಬಿ.ಎಡ್ ಮಾಡಿದ ನಮ್ಮೂರ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಕೂಲಿಗಿಂತ ಕಡಿಮೆ ಸಂಬಳಕ್ಕೆ ಕಾನ್ವೆಂಟಿನಲ್ಲಿ ದಿನವಿಡೀ ನಿಂತು ಪಾಠ ಮಾಡುವುದನ್ನು ನಾನು ನೋಡಿದ್ದೇನೆ.

ಸಂವಿಧಾನ ಒಪ್ಪುತ್ತದೆಯೇ?

ಎಲ್ಲ ಖಾಸಗಿ ಶಾಲೆಗಳನ್ನೂ ಮುಚ್ಚಲು ಈಗಿನ ಕಾನೂನಿನಲ್ಲಿ ದಾರಿ ಇಲ್ಲ. ವೃತ್ತಿ, ವ್ಯಾಪಾರ ನಡೆಸುವ ಹಕ್ಕು ಕೊಡುವ 19(1)(ಜಿ) ವಿಧಿಯೊಳಗೆ ಶಿಕ್ಷಣ ಸಂಸ್ಥೆ ನಡೆಸುವ ಹಕ್ಕೂ ಸೇರಿದೆ ಎಂದು 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಹೇಳಿತು. ಅದು ನಮ್ಮ ರಾಜ್ಯದ್ದೇ ಮೊಕದ್ದಮೆ, ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನದು. ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಮಿಗಿಸಿಕೊಳ್ಳಬಹುದು, ಲಾಭಕೋರತನ ಮಾಡುವಂತಿಲ್ಲ, ಕ್ಯಾಪಿಟೇಷನ್, ಅಂದರೆ ಸೀಟಿಗಾಗಿ ಡೊನೇಷನ್, ಪಡೆಯುವಂತಿಲ್ಲ ಎಂಬ ಗೆರೆಯನ್ನೂ ಅದೇ ತೀರ್ಪು ಎಳೆಯಿತು. ಬಸ್ ಮಾರ್ಗಗಳನ್ನು ರಾಷ್ಟ್ರೀಕರಣ ಮಾಡಿ ಖಾಸಗಿ ಬಸ್ಸುಗಳನ್ನು ನಿಲ್ಲಿಸಲಿಲ್ಲವೇ ಎಂದು ದೊಡ್ಡಪ್ಪ ಕೇಳಿದರು. ಒಳ್ಳೆಯ ಪ್ರಶ್ನೆ. ಒಂದು ಸೇವೆಯನ್ನು ಸರ್ಕಾರ ಪೂರ್ತಿಯಾಗಿ ತಾನೇ ನಡೆಸಲು 19(6) ವಿಧಿಯಲ್ಲಿ ಅವಕಾಶ ಇದೆ. ಆದರೆ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕನ್ನು ಕೊಡುವ 30ನೇ ವಿಧಿ ಬೇರೆಯೇ ನಿಂತಿದೆ, 19(6)ರ ಕೈ ಅಲ್ಲಿಗೆ ಎಟುಕದು. ಉಳಿದವರನ್ನು ಮುಚ್ಚಿಸಿ ಅವರನ್ನು ಮಾತ್ರ ಬಿಟ್ಟರೆ ಊರೂರಲ್ಲಿ ಏಳುವ ಜಗಳವನ್ನು ಊಹಿಸಿಕೊಳ್ಳಿ.

ಮುಚ್ಚದೆಯೇ ಬೆರೆಸುವ ಪ್ರಯತ್ನವೊಂದು ನಡೆದಿದೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿದ 21ಎ ವಿಧಿ ಮತ್ತು ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದವು. ಜನ ಆರ್‌ಟಿಇ ಸೀಟು ಎನ್ನುವುದು ಅದರ 12ನೇ ಸೆಕ್ಷನ್ನಿನಿಂದ ಬಂದದ್ದು: ಅನುದಾನರಹಿತ ಶಾಲೆ ತನ್ನ ಶೇ 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಬಿಟ್ಟುಕೊಡಬೇಕು, ಖರ್ಚನ್ನು ಸರ್ಕಾರ ತುಂಬಿಕೊಡುತ್ತದೆ. ಗೌಡರ ಮಗನ ಪಕ್ಕ ಕೂಲಿಯವರ ಮಗಳು ಕೂರಲಿ ಎಂಬ ಆಸೆ ಅದರ ಹಿಂದಿತ್ತು. ನಡೆದದ್ದು ಇನ್ನೊಂದು. ಸರ್ಕಾರವೇ ಫೀಸು ಕಟ್ಟಿ ತನ್ನ ಶಾಲೆಯ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿದಂತಾಯಿತು ಎಂಬ ಕೂಗು ಎದ್ದಿತು. ಕರ್ನಾಟಕ ನಿಯಮ ಬದಲಿಸಿತು: 2019–20ರಿಂದ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆರ್‌ಟಿಇ ಸೀಟಿಲ್ಲ. ಲಕ್ಷಕ್ಕೂ ಮೀರಿದ್ದ ಸೀಟುಗಳು ಒಂದೇ ವರ್ಷದಲ್ಲಿ 20 ಸಾವಿರದ ಕೆಳಗೆ ಇಳಿದವು. ಹೈಕೋರ್ಟು ಆ ಬದಲಾವಣೆಯನ್ನು ಎತ್ತಿಹಿಡಿಯಿತು. ಆ ವರ್ಷ ಬಡವರ ಮನೆಯ ದಾರಿ ಮುಚ್ಚಿತು, ದುಡ್ಡಿದ್ದವರ ದಾರಿ ಹಾಗೇ ತೆರೆದಿತ್ತು.

ಬೇರೆ ಕಡೆ ಏನಾಯಿತು?

ಎಲ್ಲರೂ ಹೆಸರು ಹೇಳುವುದು ಫಿನ್ಲೆಂಡಿನದು. ಅಲ್ಲಿ 1972ರಿಂದ 77ರವರೆಗೆ, ಉತ್ತರದ ಹಳ್ಳಿಗಾಡಿನಿಂದ ಶುರುಮಾಡಿ ಕೊನೆಗೆ ರಾಜಧಾನಿಗೆ ಬರುವಂತೆ, ಹಂತ ಹಂತವಾಗಿ ಒಂದೇ ಸಮಾನ ಶಾಲೆ ತಂದರು. ಖಾಸಗಿ ಶಾಲೆಗಳಲ್ಲಿ ಹೆಚ್ಚಿನವು ಪುರಸಭೆಗಳ ವ್ಯವಸ್ಥೆಯೊಳಗೆ ಸೇರಿಕೊಂಡವು. ಉಳಿದವುಗಳೂ ಸರ್ಕಾರದ ದುಡ್ಡಲ್ಲೇ ನಡೆಯುತ್ತವೆ, ಕಡ್ಡಾಯ ಶಿಕ್ಷಣಕ್ಕೆ ಫೀಸು ಕೇಳುವಂತಿಲ್ಲ. ಇಲ್ಲಿ ಗಮನಿಸಬೇಕಾದದ್ದು ಅನುಕ್ರಮ. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಉಚಿತ ಊಟ ಅಲ್ಲಿ 1948ಕ್ಕೇ ಬಂದಿತ್ತು. ಶಿಕ್ಷಕರಾಗಲು ಸ್ನಾತಕೋತ್ತರ ಪದವಿ ಬೇಕು ಎಂಬ ನಿಯಮ 1970ರ ದಶಕ ಮುಗಿಯುವುದರೊಳಗೆ ಬಂತು. ಬಾಗಿಲು ಹಾಕುವ ಕೆಲಸಕ್ಕಿಂತ ಕಟ್ಟುವ ಕೆಲಸ ಅಲ್ಲಿ ಬಹಳ ದೊಡ್ಡದಿತ್ತು.

ಪಾಕಿಸ್ತಾನದಲ್ಲಿ ಭುಟ್ಟೊ ಸರ್ಕಾರ 1972ರಲ್ಲಿ ಖಾಸಗಿ ಶಾಲೆ, ಕಾಲೇಜುಗಳನ್ನು ರಾಷ್ಟ್ರೀಕರಣ ಮಾಡಿತು. ಅವೆಲ್ಲವನ್ನೂ ಸಾಕುವಷ್ಟು ದುಡ್ಡು ಇರಲಿಲ್ಲ, ಆ ದಶಕ ಮುಗಿಯುವಷ್ಟರಲ್ಲಿ ಖಾಸಗಿಯವರಿಗೆ ಮತ್ತೆ ಬಾಗಿಲು ತೆರೆಯಿತು. ಅಮೆರಿಕದ ಒರೆಗಾನ್ ರಾಜ್ಯ 1922ರಲ್ಲಿ ಎಲ್ಲ ಮಕ್ಕಳೂ ಸಾರ್ವಜನಿಕ ಶಾಲೆಗೇ ಹೋಗಬೇಕು ಎಂದು ಕಾನೂನು ಮಾಡಿತು, 1925ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಇಂಗ್ಲೆಂಡಿನ ಲೇಬರ್ ಪಕ್ಷದ ಸಮ್ಮೇಳನ 2019ರಲ್ಲಿ ಖಾಸಗಿ ಶಾಲೆಗಳನ್ನು ಸರ್ಕಾರಿ ವ್ಯವಸ್ಥೆಯಲ್ಲಿ ವಿಲೀನ ಮಾಡಬೇಕು ಎಂದು ನಿರ್ಣಯ ಮಾಡಿತ್ತು. ಅಧಿಕಾರಕ್ಕೆ ಬಂದ ಮೇಲೆ ಅವರು ಮಾಡಿದ್ದು 2025ರ ಜನವರಿಯಿಂದ ಫೀಸಿನ ಮೇಲೆ ಶೇ 20 ತೆರಿಗೆ ಹಾಕಿದ್ದು.

ನಮ್ಮ ಪಕ್ಕದ ಕೇರಳದಲ್ಲಿ 1957ರ ಶಿಕ್ಷಣ ಮಸೂದೆ ಶಾಲೆ ಮುಚ್ಚಲು ಹೊರಟಿರಲಿಲ್ಲ. ಖಾಸಗಿ ಶಾಲೆಗಳ ಮೇಷ್ಟ್ರುಗಳ ನೇಮಕ ಮತ್ತು ಸಂಬಳವನ್ನು ಹಿಡಿತಕ್ಕೆ ತರಲು ನೋಡಿತ್ತು, ಅಷ್ಟೇ. ಅದರಿಂದಲೂ ಎದ್ದ ವಿಮೋಚನಾ ಹೋರಾಟ 1959ರಲ್ಲಿ ಸರ್ಕಾರ ವಜಾ ಆಗುವವರೆಗೆ ಹೋಯಿತು. 2015ರಲ್ಲಿ ಅಲಹಾಬಾದ್ ಹೈಕೋರ್ಟು, ಸರ್ಕಾರದ ಸಂಬಳ ಪಡೆಯುವವರು ಮತ್ತು ಜನಪ್ರತಿನಿಧಿಗಳು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ಮಾಡಬೇಕು ಎಂದು ಉತ್ತರಪ್ರದೇಶಕ್ಕೆ ಆದೇಶಿಸಿತು. ಆ ಆದೇಶ ಕಾಗದದ ಮೇಲೇ ಉಳಿಯಿತು.

ಮುಂದಿನ ಜೂನ್‌ಗೆ ಮುಚ್ಚಿದರೆ?

ರಾಜ್ಯದ ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಖಾಸಗಿ ಆಡಳಿತದ ಶಾಲೆಗಳಲ್ಲಿದ್ದಾರೆ. ಅಷ್ಟೂ ಮಕ್ಕಳಿಗೆ ಜಾಗ ಎಲ್ಲಿದೆ ಎಂದು ಎಲ್ಲರೂ ಕೇಳುತ್ತಾರೆ. ಉತ್ತರ ಹಳ್ಳಿಗೊಂದು, ನಗರಕ್ಕೊಂದು.

ಪಟ್ಟಣದ ಒಂದು ಕಾನ್ವೆಂಟಿನಲ್ಲಿ 600 ಮಕ್ಕಳಿದ್ದು, ಅವರು 12 ಹಳ್ಳಿಗಳಿಂದ ಬರುತ್ತಾರೆ ಎಂದಿಟ್ಟುಕೊಳ್ಳಿ. ಹಳ್ಳಿಗೆ ಸರಾಸರಿ 50 ಮಕ್ಕಳು. ಊರ ಶಾಲೆಯಲ್ಲಿ ಈಗ 20 ಮಕ್ಕಳಿದ್ದರೆ ಒಟ್ಟು 70 ಆಯಿತು. ಕೋಣೆ ಆಗಲೇ ಇದೆ, ಬೀಗ ತೆಗೆದರೆ ಆಯಿತು. ಕಾಯಿದೆಯಂತೆ ಬೇಕಾದದ್ದು ಇನ್ನೊಬ್ಬ ಮೇಷ್ಟ್ರು. ಹದಿನಾಲ್ಕು ಕಿಲೋಮೀಟರ್ ವ್ಯಾನಿನ ಖರ್ಚು ಉಳಿಯಿತು, ಮಗು ಇನ್ನೊಂದು ಗಂಟೆ ಮಲಗಿತು. ಕಾಗದದ ಮೇಲೆ ಹಳ್ಳಿಯ ಲೆಕ್ಕ ಚೆನ್ನಾಗಿಯೇ ಕೂರುತ್ತದೆ.

ಮೈಸೂರಿನದು ಹಾಗಲ್ಲ. ನಾನಿರುವ ಬಡಾವಣೆಯಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ಖಾಸಗಿ ಶಾಲೆಗಳು ಹಲವಾರಿವೆ, ಸರ್ಕಾರಿ ಶಾಲೆಯನ್ನು ವಿಳಾಸ ಕೇಳಿಕೊಂಡು ಹೋಗಬೇಕು. ಇಂಥ ಕಡೆ 600 ಮಕ್ಕಳಿಗೆ 20 ಕೋಣೆ, 20 ಶಿಕ್ಷಕರು, ಆಟದ ಬಯಲು ಹೊಸದಾಗಿ ಬೇಕು. ಜಾಗದ ಬೆಲೆ ಯಾರಿಗೂ ಗೊತ್ತಿಲ್ಲದ್ದಲ್ಲ.

ಇನ್ನೊಂದು ಅಪಾಯ ಟ್ಯೂಷನ್ನಿನದು. ಫೀಸಿನ ಶಾಲೆ ಮುಚ್ಚಿದ ಕೂಡಲೇ ಮಗಳಿಗೆ ಚೂರು ಹೆಚ್ಚು ಕೊಡಿಸಬೇಕು ಎಂಬ ಅಪ್ಪನ ಹಟ ಹೋಗುವುದಿಲ್ಲ. ಅದೇ ದುಡ್ಡು ಸಂಜೆಯ ಕೋಚಿಂಗಿಗೆ ಹೋಗುತ್ತದೆ, ಅಂತರ ಸಂಜೆಗೆ ಜಾರುತ್ತದೆ. ಹಾಗಾಗಿ ಊರ ಶಾಲೆಯಲ್ಲಿ ಎಲ್‌ಕೆಜಿ ಇಲ್ಲದೆ, ತರಗತಿಗೊಬ್ಬ ಮೇಷ್ಟ್ರಿಲ್ಲದೆ, ನೆಟ್ಟಗೆ ಇಂಗ್ಲಿಷ್ ಕಲಿಸುವವರಿಲ್ಲದೆ ಮೊದಲೇ ಬೀಗ ಹಿಡಿದು ಕಾನ್ವೆಂಟಿನ ಬಾಗಿಲಿಗೆ ಹೋದರೆ, ಪೆಟ್ಟು ಬೀಳುವುದು ನಮ್ಮತ್ತಿಗೆಯಂಥವರಿಗೆ ಎಂಬುದು ಇದನ್ನೆಲ್ಲ ಓದಿದ ಮೇಲೆ ನನಗೆ ತೋರಿದ್ದು. ದುಡ್ಡಿರುವವರು ಆಗಲೂ ಇನ್ನೊಂದು ದಾರಿ ಕಂಡುಕೊಳ್ಳುತ್ತಾರೆ.

ಎಸ್‌ಡಿಎಂಸಿಯಲ್ಲಿ ಕೂರುವವರು ಯಾರು?

ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಎಲ್ಲರ ಬಾಯಲ್ಲಿ ಅದು ಎಸ್‌ಡಿಎಂಸಿ. ಶಾಲೆಗೆ ಬಂದ ಅನುದಾನ ಹೇಗೆ ಖರ್ಚಾಯಿತು, ಬಿಸಿಯೂಟ ಸರಿಯಿದೆಯೇ, ಮೇಷ್ಟ್ರು ಬರುತ್ತಿದ್ದಾರೆಯೇ ಎಂದು ಕೇಳುವ ಅಧಿಕಾರ ಅದಕ್ಕಿದೆ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಆ ಶಾಲೆಯ ಮಕ್ಕಳ ಪೋಷಕರಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು.

ನಮ್ಮಣ್ಣ ಎರಡು ವರ್ಷ ಅದರ ಸದಸ್ಯನಾಗಿದ್ದ. ಆಗ ದೊಡ್ಡ ಮಗ ಊರ ಶಾಲೆಯಲ್ಲೇ ಓದುತ್ತಿದ್ದ. ಅಡುಗೆ ಮನೆಯ ಸೂರು ಸೋರುತ್ತಿದೆ ಎಂದು ಪಂಚಾಯಿತಿಗೆ ಅಲೆದು ಅಲೆದು, ಹೊಸ ಶೀಟು ಹಾಕಿಸಿದವನು ಅವನೇ. ಮಗಳನ್ನು ಎಲ್‌ಕೆಜಿಗೆ ಸೇರಿಸಿದ ವರ್ಷ, ಇಬ್ಬರೂ ಒಂದೇ ವ್ಯಾನಿನಲ್ಲಿ ಹೋಗಲಿ ಎಂದು ಮಗನ ಟಿಸಿಯನ್ನೂ ತೆಗೆಸಿದರು. ಟಿಸಿ ಬರೆದುಕೊಡುವಾಗ ಹೆಡ್‌ಮಾಸ್ಟರು, "ಇನ್ಮೇಲೆ ಮೀಟಿಂಗಿಗೆ ನಿಮ್ಮನ್ನ ಕರೆಯೋ ಹಾಗಿಲ್ಲ ಅಣ್ಣ, ರೂಲ್ಸಲ್ಲಿಲ್ಲ" ಎಂದರಂತೆ. ಅವನ ಜಾಗಕ್ಕೆ ಕಬ್ಬು ಕಡಿಯುವ ಒಬ್ಬ ಹೆಣ್ಣುಮಗಳು ಆಯ್ಕೆಯಾದರು. ಮೀಟಿಂಗಿನ ದಿನ ಅವರು ಕೂಲಿ ಬಿಟ್ಟು ಬರುತ್ತಾರೆ. ಈ ಮಳೆಗಾಲಕ್ಕೆ ಸೋರುತ್ತಿರುವುದು ಎರಡನೇ ಕೋಣೆ, ಪಂಚಾಯಿತಿಗೆ ಕೊಡಲು ಅರ್ಜಿ ಬರೆದುಕೊಡಿ ಎಂದು ಅವರು ಕಾಗದ ಹಿಡಿದು ಬಂದದ್ದು ನಮ್ಮಣ್ಣನ ಮನೆಗೇ. ಅಣ್ಣ ಬರೆದುಕೊಟ್ಟ. ಕೆಳಗೆ ಹೆಬ್ಬೆಟ್ಟು ಒತ್ತಿದವರು ಅವರು.